ಕಡಲಿನಿಂದ ದಡಕ್ಕೆ: ಮಿತ್ರರಾಷ್ಟ್ರಗಳ ಜಂಟಿ ಉಭಯಚರ ಸಮರಾಭ್ಯಾಸಗಳು

ಪೀಠಿಕೆ

ಸೈನಿಕರು, ವಾಹನಗಳು ಹಾಗೂ ಸಾಮಗ್ರಿಗಳನ್ನು ಹಡಗುಗಳಲ್ಲಿ ತಂದು, ಬಂದರಿನ ನೆರವಿಲ್ಲದೆ ನೇರವಾಗಿ ಕಡಲತೀರದಲ್ಲಿ ಇಳಿಸುವ ಕಾರ್ಯವನ್ನು ಉಭಯಚರ ಕಾರ್ಯಾಚರಣೆ ಎಂದು ಕರೆಯಲಾಗುತ್ತದೆ. ನೀರು ಮತ್ತು ನೆಲ ಎರಡನ್ನೂ ಬಳಸುವುದರಿಂದ ಈ ಹೆಸರು ಬಂದಿರುತ್ತದೆ. ಎರಡು ಅಥವಾ ಹೆಚ್ಚು ದೇಶಗಳ ನೌಕಾಪಡೆಗಳು, ಮರೀನ್ ದಳಗಳು ಹಾಗೂ ಭೂಸೇನೆಗಳು ಒಟ್ಟಾಗಿ ಇದನ್ನು ಶಾಂತಿಕಾಲದಲ್ಲಿ ರೂಢಿ ಮಾಡಿಕೊಳ್ಳುವುದೇ ಜಂಟಿ ಉಭಯಚರ ಸಮರಾಭ್ಯಾಸ. ಭಾರತದ ಮಟ್ಟಿಗೆ ಇದರ ಪ್ರಮುಖ ನಿದರ್ಶನ, ಅಮೆರಿಕದೊಂದಿಗೆ ಆಂಧ್ರಪ್ರದೇಶದ ಕರಾವಳಿಯಲ್ಲಿ 2019ರಿಂದ ನಡೆದುಬಂದಿರುವ ‘ಟೈಗರ್ ಟ್ರಯಂಫ್’.

ಇಲ್ಲಿ ಪದಬಳಕೆಯ ಒಂದು ಸೂಕ್ಷ್ಮವನ್ನು ಗಮನಿಸುವುದು ಉಚಿತ. ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್ ಮೊದಲಾದ ದೇಶಗಳ ನಡುವೆ ಇರುವಂತಹ ರಕ್ಷಣಾ ಒಪ್ಪಂದ ಭಾರತಕ್ಕೆ ಅಮೆರಿಕದೊಂದಿಗೆ ಇರುವುದಿಲ್ಲ. ಆದುದರಿಂದ ಅಧಿಕೃತ ಪ್ರಕಟಣೆಗಳಲ್ಲಿ ಭಾರತವನ್ನು ‘ಪಾಲುದಾರ ರಾಷ್ಟ್ರ’ ಎಂದೇ ಉಲ್ಲೇಖಿಸಲಾಗುತ್ತದೆ. ಸಮುದ್ರದ ಮೇಲೆ ಮಾಡಬೇಕಾದ ಕೆಲಸದಲ್ಲಿ ಮಾತ್ರ ಈ ಭೇದ ಕಾಣಿಸುವುದಿಲ್ಲ. ಇಬ್ಬರೂ ಒಂದೇ ಭರತದ ನೀರನ್ನು ನೆಚ್ಚಿಕೊಂಡು ಒಂದೇ ಮರಳಿನ ಮೇಲೆ ಇಳಿಯಬೇಕಾಗುತ್ತದೆ.

ದಡಕ್ಕೆ ಇಳಿಯುವ ಬಗೆ

ಮೇಲ್ನೋಟಕ್ಕೆ ಇದು ಸರಳವೆನಿಸಬಹುದು. ವಾಸ್ತವವಾಗಿ ಸೈನಿಕ ಕಾರ್ಯಗಳಲ್ಲಿ ಇದಕ್ಕಿಂತ ತೊಡಕಿನವು ಕಡಿಮೆ. ಹಡಗು ದಡಕ್ಕೆ ಎಷ್ಟು ಸಮೀಪ ಬರಬಲ್ಲದು ಎಂಬುದನ್ನು ತೀರದ ಇಳಿಜಾರು ನಿರ್ಧರಿಸುತ್ತದೆ. ಇಳಿಜಾರು ತೀರ ಕಡಿಮೆಯಿದ್ದರೆ ಹಡಗು ದೂರದಲ್ಲಿಯೇ ನೆಲ ಹಿಡಿಯುತ್ತದೆ ಮತ್ತು ಅದರ ಮುಂದೆ ಆಳವಾದ ನೀರು ಉಳಿದುಬಿಡುತ್ತದೆ. ಭರತ ಇಳಿತಗಳ ವೇಳೆ ತಪ್ಪಿದರೆ ದಡಕ್ಕೆ ತಾಗಿದ ಹಡಗು ಅಲ್ಲಿಯೇ ಸಿಕ್ಕಿಬೀಳುತ್ತದೆ. ಅಲೆಗಳು ಒಡೆಯುವ ಪಟ್ಟಿಯಲ್ಲಿ ಸಣ್ಣ ದೋಣಿಗಳು ಅಡ್ಡ ತಿರುಗಿ ಮಗುಚುವ ಅಪಾಯವಿರುತ್ತದೆ. ತೀರಕ್ಕೆ ಸಮಾನಾಂತರವಾಗಿ ನೀರಿನಡಿಯಲ್ಲಿ ಅಡಗಿರುವ ಮರಳದಿಬ್ಬಗಳು ಇನ್ನೂ ಅಪಾಯಕಾರಿ. ಅಳಿವೆಬಾಗಿಲಿನಲ್ಲಿ ದೋಣಿ ನಡೆಸುವ ನಮ್ಮ ಕರಾವಳಿಯ ಮೀನುಗಾರರಿಗೆ ಈ ದಿಬ್ಬಗಳ ಸ್ವಭಾವವನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವು ಸ್ಥಳ ಬದಲಿಸಿರುತ್ತವೆ.

ಪಡೆಗಳನ್ನು ದಡ ಸೇರಿಸಲು ಮುಖ್ಯವಾಗಿ ಎರಡು ಬಗೆಯ ಹಡಗುಗಳನ್ನು ಬಳಸಲಾಗುತ್ತದೆ. ಮೊದಲನೆಯದು ಚಪ್ಪಟೆ ತಳದ ಇಳಿಕೆ ಹಡಗು. ಇದು ನೇರವಾಗಿ ತೀರಕ್ಕೆ ಮೂತಿಯೂರಿ ನಿಲ್ಲುತ್ತದೆ. ಮುಂಭಾಗದ ಬಾಗಿಲು ತೆರೆದು ಇಳಿಹಲಗೆ ಚಾಚಿದೊಡನೆ ಟ್ಯಾಂಕ್, ಟ್ರಕ್ ಹಾಗೂ ಸೈನಿಕರು ಹೊರಬರುತ್ತಾರೆ. ಭಾರತೀಯ ನೌಕಾಪಡೆಯ ಐಎನ್‌ಎಸ್ ಘರಿಯಾಲ್ ಮತ್ತು ಐಎನ್‌ಎಸ್ ಐರಾವತ ಈ ಬಗೆಯವು. ಎರಡನೆಯದು ದೂರದಲ್ಲಿಯೇ ನಿಂತು ದೋಣಿಗಳನ್ನು ಕಳುಹಿಸುವ ದೊಡ್ಡ ಹಡಗು. ಇದರ ಹಿಂಭಾಗದಲ್ಲಿ ಕೊಳದಂತಹ ಒಂದು ವಿಶಾಲ ಅಂಗಣವಿದ್ದು, ಅದನ್ನು ವೆಲ್ ಡೆಕ್ ಎನ್ನುತ್ತಾರೆ. ಹಡಗಿನ ತೊಟ್ಟಿಗಳಿಗೆ ನೀರು ತುಂಬಿಸಿ ಹಿಂಭಾಗವನ್ನು ತಗ್ಗಿಸಿದಾಗ ಸಮುದ್ರದ ನೀರು ಅಂಗಣದೊಳಕ್ಕೆ ನುಗ್ಗುತ್ತದೆ. ಒಳಗೆ ನಿಂತಿದ್ದ ದೋಣಿಗಳು ಸರಕುಸಮೇತ ತೇಲಿ, ಹಿಂಬಾಗಿಲಿನಿಂದ ಹೊರಡುತ್ತವೆ.

ಭಾರತದಲ್ಲಿ ಈ ಎರಡನೆಯ ಬಗೆಯ ದೊಡ್ಡ ಹಡಗು ಐಎನ್‌ಎಸ್ ಜಲಾಶ್ವ ಒಂದೇ. ಇದು 1971ರಲ್ಲಿ ಅಮೆರಿಕ ನೌಕಾಪಡೆಗೆ ಸೇರಿದ್ದ ‘ಟ್ರೆಂಟನ್’ ಹಡಗು. 2007ರಲ್ಲಿ ಭಾರತ ಇದನ್ನು ಖರೀದಿಸಿ, ವಿಶಾಖಪಟ್ಟಣದ ಪೂರ್ವ ನೌಕಾ ಕಮಾಂಡ್‌ಗೆ ಸೇರಿಸಿಕೊಂಡಿತು. ಸುಮಾರು 173 ಮೀಟರ್ ಉದ್ದ ಹಾಗೂ ಸುಮಾರು 17,000 ಟನ್ ತೂಕದ ಈ ಹಡಗು ನಾಲ್ಕು ಯಾಂತ್ರಿಕ ಇಳಿಕೆ ದೋಣಿಗಳನ್ನೂ ಸುಮಾರು ಒಂದು ಸಾವಿರ ಸೈನಿಕರನ್ನೂ ಒಯ್ಯಬಲ್ಲದು. ಅಮೆರಿಕದ ಪಡೆಗಳು ಇದೇ ಕೆಲಸಕ್ಕೆ ಗಾಳಿಯ ಮೆತ್ತೆಯ ಮೇಲೆ ಸಾಗುವ ಹೋವರ್‌ಕ್ರಾಫ್ಟ್‌ಗಳನ್ನೂ ಬಳಸುತ್ತವೆ. ಇವು ನೀರಿನಿಂದ ನೇರವಾಗಿ ಮರಳಿನ ಮೇಲೇರಿ ಬರುವುದರಿಂದ, ಸಾಮಾನ್ಯ ದೋಣಿಗಳಿಗೆ ಒಗ್ಗದ ತೀರಗಳಲ್ಲಿಯೂ ಇಳಿಯಬಲ್ಲವು.

1944: ಸ್ಲ್ಯಾಪ್ಟನ್ ಕಡಲತೀರದ ದುರಂತ

ಮಿತ್ರಪಡೆಗಳ ಜಂಟಿ ಅಭ್ಯಾಸದಲ್ಲಿ ಪರೀಕ್ಷೆಗೆ ಒಳಗಾಗುವುದು ಬಂದೂಕಿಗಿಂತ ಹೆಚ್ಚಾಗಿ ಸಂದೇಶ ವ್ಯವಸ್ಥೆ. ಇದಕ್ಕೆ ಅತ್ಯಂತ ಕಠೋರ ಸಾಕ್ಷ್ಯ ಎರಡನೇ ಮಹಾಯುದ್ಧದ ಕಾಲದ ಒಂದು ಅಭ್ಯಾಸದಲ್ಲಿಯೇ ದೊರೆಯುತ್ತದೆ.

ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಲು ಸಿದ್ಧತೆ ನಡೆಸಿದ್ದ ಅಮೆರಿಕ ಮತ್ತು ಬ್ರಿಟನ್ ಪಡೆಗಳು, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಸ್ಲ್ಯಾಪ್ಟನ್ ಎಂಬಲ್ಲಿನ ಕಡಲತೀರವನ್ನು ಅಭ್ಯಾಸಕ್ಕೆ ಆರಿಸಿಕೊಂಡವು. ಅಮೆರಿಕನ್ನರು ಇಳಿಯಬೇಕಿದ್ದ ‘ಯೂಟಾ’ ತೀರವನ್ನು ಅದು ಹೋಲುತ್ತಿತ್ತು. 1943ರ ಡಿಸೆಂಬರ್ ವೇಳೆಗೆ ಸುತ್ತಲಿನ ಹಳ್ಳಿಗಳ ಸುಮಾರು 3,000 ಜನರನ್ನು ಮನೆಮಠ, ಹೊಲಗದ್ದೆಗಳಿಂದ ತೆರವುಗೊಳಿಸಲಾಯಿತು. 1944ರ ಏಪ್ರಿಲ್ ಕೊನೆಯ ವಾರದಲ್ಲಿ ಸುಮಾರು 30,000 ಸೈನಿಕರೊಂದಿಗೆ ‘ಎಕ್ಸರ್‌ಸೈಜ್ ಟೈಗರ್’ ಎಂಬ ಪೂರ್ಣ ಪ್ರಮಾಣದ ತಾಲೀಮು ನಡೆಯಿತು.

ಏಪ್ರಿಲ್ 27ರ ಬೆಳಿಗ್ಗೆ ಕೆಲವು ಹಡಗುಗಳು ತಡವಾದ ಕಾರಣ ಇಳಿಕೆಯ ವೇಳೆಯನ್ನು ಒಂದು ಗಂಟೆ ಮುಂದೂಡಲಾಯಿತು. ಈ ಬದಲಾವಣೆಯ ಸುದ್ದಿ ಎಲ್ಲ ದೋಣಿಗಳಿಗೂ ತಲುಪಲಿಲ್ಲ. ಮರುದಿನದ ನಸುಕಿನಲ್ಲಿ ನಡೆದುದು ಇನ್ನೂ ಘೋರ. ಎಂಟು ಇಳಿಕೆ ಹಡಗುಗಳ ಸಾಲೊಂದು ಲೈಮ್ ಕೊಲ್ಲಿಯಲ್ಲಿ ಸಾಗುತ್ತಿತ್ತು. ಅದರ ಬೆಂಗಾವಲಿಗೆ ನೇಮಕವಾಗಿದ್ದ ಎರಡು ಬ್ರಿಟಿಷ್ ಯುದ್ಧನೌಕೆಗಳ ಪೈಕಿ ಒಂದು ಹಿಂದಿನ ದಿನ ಡಿಕ್ಕಿಯಿಂದ ಜಖಂಗೊಂಡು ದುರಸ್ತಿಗಾಗಿ ಬಂದರು ಸೇರಿತ್ತು. ಹೀಗಾಗಿ ಹಡಗುಗಳ ಜೊತೆಗೆ ಉಳಿದುದು ‘ಅಜೇಲಿಯಾ’ ಎಂಬ ಒಂದು ಸಣ್ಣ ನೌಕೆ ಮಾತ್ರ. ಫ್ರಾನ್ಸಿನ ಶೆರ್ಬೂರ್ ಬಂದರಿನಿಂದ ಹೊರಟ ಜರ್ಮನಿಯ ಒಂಬತ್ತು ವೇಗದ ಟಾರ್ಪಿಡೊ ದೋಣಿಗಳು ಕತ್ತಲಲ್ಲಿ ಈ ಸಾಲಿನ ಮೇಲೆರಗಿದವು. ಶತ್ರುದೋಣಿಗಳ ಸುಳಿವು ಬ್ರಿಟಿಷ್ ನೌಕಾಪಡೆಗೆ ಸಿಕ್ಕಿದ್ದರೂ, ಅಮೆರಿಕದ ಹಡಗುಗಳಿಗೆ ನೀಡಲಾಗಿದ್ದ ಆದೇಶಪತ್ರದಲ್ಲಿ ರೇಡಿಯೊ ತರಂಗಾಂತರ ತಪ್ಪಾಗಿ ಟೈಪ್ ಆಗಿದ್ದುದರಿಂದ ಎಚ್ಚರಿಕೆ ಅವುಗಳಿಗೆ ಕೇಳಿಸಲಿಲ್ಲ. ಎರಡು ಹಡಗುಗಳು ಮುಳುಗಿದವು, ಇನ್ನೊಂದು ತೀವ್ರವಾಗಿ ಹಾನಿಗೊಂಡಿತು. 749 ಅಮೆರಿಕನ್ ಸೈನಿಕರು ಮತ್ತು ನಾವಿಕರು ಮೃತಪಟ್ಟರು. ತೇಲುಪಟ್ಟಿಯನ್ನು ಕಂಕುಳ ಕೆಳಗೆ ಕಟ್ಟಿಕೊಳ್ಳುವ ಬದಲು ಸೊಂಟಕ್ಕೆ ಕಟ್ಟಿಕೊಂಡಿದ್ದ ಅನೇಕರು ಬೆನ್ನಿನ ಹೊರೆಯ ಭಾರಕ್ಕೆ ನೀರಿನಲ್ಲಿ ತಲೆಕೆಳಗಾಗಿ ಪ್ರಾಣ ಬಿಟ್ಟರು. ಅದನ್ನು ಧರಿಸುವ ಕ್ರಮವನ್ನು ಅವರಿಗೆ ಸರಿಯಾಗಿ ಕಲಿಸಿರಲಿಲ್ಲ.

ನಾರ್ಮಂಡಿಯ ಗುಟ್ಟು ಬಯಲಾಗದಿರಲೆಂದು ಈ ಘಟನೆಯನ್ನು ಆಗ ಗೋಪ್ಯವಾಗಿರಿಸಲಾಯಿತು. ಬಳಿಕ ಎರಡೂ ದೇಶಗಳ ಹಡಗುಗಳ ರೇಡಿಯೊ ತರಂಗಾಂತರಗಳನ್ನು ಏಕರೂಪಗೊಳಿಸಲಾಯಿತು, ತೇಲುಪಟ್ಟಿ ಧರಿಸುವ ತರಬೇತಿ ನೀಡಲಾಯಿತು, ನೀರಿಗೆ ಬಿದ್ದವರನ್ನು ಎತ್ತಿಕೊಳ್ಳಲು ಪ್ರತ್ಯೇಕ ದೋಣಿಗಳನ್ನು ಗೊತ್ತುಪಡಿಸಲಾಯಿತು. ಅದೇ ವರ್ಷದ ಜೂನ್ 6ರಂದು ಯೂಟಾ ತೀರದಲ್ಲಿ ಕಡಲಿನಿಂದ ಇಳಿದ ಪಡೆಗಳಿಗೆ ಆದ ನಷ್ಟ, ಈ ಅಭ್ಯಾಸದಲ್ಲಿ ಆದ ನಷ್ಟಕ್ಕಿಂತ ಕಡಿಮೆ. 1984ರಲ್ಲಿ ಸಮುದ್ರತಳದಿಂದ ಮೇಲೆತ್ತಲಾದ ಒಂದು ಶೆರ್ಮನ್ ಟ್ಯಾಂಕ್ ಸಮೀಪದ ಟಾರ್‌ಕ್ರಾಸ್ ಗ್ರಾಮದಲ್ಲಿ ಮೃತರ ಸ್ಮಾರಕವಾಗಿ ನಿಂತಿದೆ.

1971: ಕಾಕ್ಸ್ ಬಜಾರ್‌ನ ಅನುಭವ

ಅಭ್ಯಾಸವೇ ಇಲ್ಲದೆ ದಡಕ್ಕಿಳಿಯಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಭಾರತದ ಇತಿಹಾಸದಲ್ಲಿಯೂ ಒಂದು ಪ್ರಸಂಗವಿದೆ. 1971ರ ಡಿಸೆಂಬರ್‌ನಲ್ಲಿ, ಪೂರ್ವ ಪಾಕಿಸ್ತಾನದಲ್ಲಿದ್ದ ಪಾಕಿಸ್ತಾನಿ ಪಡೆಗಳು ಬರ್ಮಾ ಕಡೆಗೆ ಪಲಾಯನ ಮಾಡದಂತೆ ತಡೆಯಲು ಕಾಕ್ಸ್ ಬಜಾರ್ ಬಳಿ ಸೈನ್ಯ ಇಳಿಸಲು ನಿರ್ಧರಿಸಲಾಯಿತು. ಗೋರ್ಖಾ ರೈಫಲ್ಸ್‌ನ ಒಂದು ತುಕಡಿಯನ್ನು ಕಲ್ಕತ್ತದಲ್ಲಿ ‘ವಿಶ್ವ ವಿಜಯ’ ಎಂಬ ವಾಣಿಜ್ಯ ಹಡಗಿಗೆ ಹತ್ತಿಸಿ, ನಡುಗಡಲಿನಲ್ಲಿ ಘರಿಯಾಲ್ ಮತ್ತು ಗುಲ್ದಾರ್ ಇಳಿಕೆ ಹಡಗುಗಳಿಗೆ ವರ್ಗಾಯಿಸಲಾಯಿತು. ಗುಡ್ಡಗಾಡಿನಿಂದ ಬಂದ ಈ ಯೋಧರಿಗೆ ಉಭಯಚರ ಕಾರ್ಯಾಚರಣೆಯ ತರಬೇತಿ ಇರಲಿಲ್ಲ. ತೀರದ ಇಳಿಜಾರಿನ ಬಗೆಗೂ ಖಚಿತ ಮಾಹಿತಿ ಇರಲಿಲ್ಲ. ಹಡಗು ದಡದಿಂದ ಸಾಕಷ್ಟು ದೂರದಲ್ಲಿಯೇ ಮರಳದಿಬ್ಬಕ್ಕೆ ತಾಗಿ ನಿಂತಿತು. ಇಳಿಹಲಗೆಯಿಂದ ಕೆಳಗಿಳಿದವರು ಆಳದ ನೀರಿಗೆ ಸಿಲುಕಿದರು, ಜೀವಹಾನಿಯೂ ಸಂಭವಿಸಿತು. ಇಳಿಕೆಯನ್ನು ಅಲ್ಲಿಗೇ ನಿಲ್ಲಿಸಿ, ಉಳಿದವರನ್ನು ಆನಂತರ ಸ್ಥಳೀಯ ದೋಣಿಗಳ ನೆರವಿನಿಂದ ದಡ ಸೇರಿಸಬೇಕಾಯಿತು. ದಡದಲ್ಲಿ ಶತ್ರುಗಳ ಪ್ರತಿರೋಧವೇ ಇರಲಿಲ್ಲ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಅಂದಿನ ಘರಿಯಾಲ್ ಪೋಲೆಂಡ್‌ನಲ್ಲಿ ನಿರ್ಮಿತವಾದ ಚಿಕ್ಕ ಹಡಗು. ಇಂದು ಅದೇ ಹೆಸರನ್ನು ಹೊತ್ತಿರುವ, 1997ರಲ್ಲಿ ಸೇವೆಗೆ ಸೇರಿದ ಹಡಗು ಅದಕ್ಕಿಂತ ಬಹಳ ದೊಡ್ಡದು.

ಭಾರತದಲ್ಲಿ ಪ್ರತ್ಯೇಕ ಮರೀನ್ ದಳ ಇರುವುದಿಲ್ಲ. ಭೂಸೇನೆಯ ಪದಾತಿ ದಳಗಳಿಗೇ ಈ ವಿಶೇಷ ತರಬೇತಿ ನೀಡಲಾಗುತ್ತದೆ. ಕೇರಳದ ತಿರುವನಂತಪುರದಲ್ಲಿ ನೆಲೆಯಿರುವ 91ನೇ ಪದಾತಿ ಬ್ರಿಗೇಡ್ ಇವುಗಳಲ್ಲಿ ಮುಖ್ಯವಾದುದು. ಮೂರೂ ಸೇನೆಗಳು ಸೇರಿ ನಡೆಸುವ ‘ಆಂಫೆಕ್ಸ್’ ಎಂಬ ಸ್ವದೇಶಿ ಅಭ್ಯಾಸ 2021ರ ಜನವರಿಯಲ್ಲಿ ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿಯೂ 2023ರ ಜನವರಿಯಲ್ಲಿ ಕಾಕಿನಾಡದಲ್ಲಿಯೂ ನಡೆಯಿತು. ಉಭಯಚರ ಕಾರ್ಯಾಚರಣೆಗಳಿಗೆ ಸಂಬಂಧಿಸಿದ ಮೂರೂ ಸೇನೆಗಳ ಜಂಟಿ ಸಿದ್ಧಾಂತ ಗ್ರಂಥವನ್ನು 2025ರ ಆಗಸ್ಟ್‌ನಲ್ಲಿ ಸಾರ್ವಜನಿಕರ ಅವಗಾಹನೆಗೆ ತೆರೆಯಲಾಯಿತು.

ಟೈಗರ್ ಟ್ರಯಂಫ್

ಭಾರತದ ಮೂರೂ ಸೇನೆಗಳು ವಿದೇಶವೊಂದರ ಪಡೆಗಳೊಂದಿಗೆ ಒಟ್ಟಿಗೆ ಅಭ್ಯಾಸ ಮಾಡಿದುದು ಮೊದಲ ಬಾರಿಗೆ 2017ರಲ್ಲಿ, ರಷ್ಯಾದೊಂದಿಗೆ. ಅಮೆರಿಕದೊಂದಿಗೆ ಅಂತಹ ಮೊದಲ ಅಭ್ಯಾಸ 2019ರ ನವೆಂಬರ್ 13ರಿಂದ 21ರವರೆಗೆ ವಿಶಾಖಪಟ್ಟಣ ಮತ್ತು ಕಾಕಿನಾಡಗಳಲ್ಲಿ ನಡೆಯಿತು. ಭಾರತದ ಕಡೆಯಿಂದ ಜಲಾಶ್ವ, ಐರಾವತ ಮತ್ತು ಸಂಧಾಯಕ್ ಹಡಗುಗಳು, ಭೂಸೇನೆಯ ಮದ್ರಾಸ್ ಮತ್ತು ಗಾರ್ಡ್ಸ್ ರೆಜಿಮೆಂಟ್‌ಗಳ ಯೋಧರು, ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಹಾಗೂ ತುರ್ತು ವೈದ್ಯಕೀಯ ತಂಡ ಭಾಗವಹಿಸಿದ್ದವು. ಭಾರತದ ಸುಮಾರು 1,200 ಸಿಬ್ಬಂದಿ ಹಾಗೂ ಅಮೆರಿಕದ 500ಕ್ಕೂ ಹೆಚ್ಚು ಮರೀನ್ ಮತ್ತು ನಾವಿಕರು ಇದರಲ್ಲಿದ್ದರು. ಅಮೆರಿಕದ ಹಡಗು ‘ಜರ್ಮನ್‌ಟೌನ್’.

ಈ ಪಟ್ಟಿಯಲ್ಲಿ ಸಂಧಾಯಕ್ ಗಮನಾರ್ಹ. ಅದು ಸೈನ್ಯ ಇಳಿಸುವ ಹಡಗಲ್ಲ, ಸಮುದ್ರತಳವನ್ನು ಅಳೆಯುವ ಸರ್ವೇಕ್ಷಣಾ ನೌಕೆ. 1971ರಲ್ಲಿ ಇಲ್ಲದಿದ್ದ ಮಾಹಿತಿಯನ್ನು ಒದಗಿಸುವುದು ಇಂತಹ ನೌಕೆಗಳ ಕೆಲಸ. 40 ವರ್ಷಗಳ ಸೇವೆಯ ಬಳಿಕ ಆ ಹಡಗು 2021ರಲ್ಲಿ ನಿವೃತ್ತಿ ಹೊಂದಿತು. ಅದೇ ಹೆಸರಿನ ಹೊಸ ಸರ್ವೇಕ್ಷಣಾ ಹಡಗು 2024ರ ಫೆಬ್ರುವರಿಯಲ್ಲಿ ಸೇವೆಗೆ ಸೇರಿರುತ್ತದೆ.

2022ರ ಅಕ್ಟೋಬರ್‌ನಲ್ಲಿ ಅಧಿಕಾರಿಗಳ ಮಟ್ಟದ ಒಂದು ಚಿಕ್ಕ ಅಭ್ಯಾಸ ವಿಶಾಖಪಟ್ಟಣದಲ್ಲಿ ಜರುಗಿತು. ಪೂರ್ಣ ಪ್ರಮಾಣದ ಮುಂದಿನ ಅಭ್ಯಾಸಗಳು ನಡೆದುದು 2024ರ ಮಾರ್ಚ್ ಉತ್ತರಾರ್ಧದಲ್ಲಿ ಮತ್ತು 2025ರ ಏಪ್ರಿಲ್ 1ರಿಂದ 13ರವರೆಗೆ. 2024ರಲ್ಲಿ ಅಮೆರಿಕದ ‘ಸೋಮರ್‌ಸೆಟ್’ ಹಡಗು ಬಂದಿತ್ತು. 2025ರಲ್ಲಿ ‘ಕಾಮ್‌ಸ್ಟಾಕ್’ ಮತ್ತು ‘ರಾಲ್ಫ್ ಜಾನ್ಸನ್’ ಬಂದವು. ಭಾರತದ ಕಡೆಯಿಂದ ಜಲಾಶ್ವ, ಘರಿಯಾಲ್, ಮುಂಬೈ ಮತ್ತು ಶಕ್ತಿ ಹಡಗುಗಳೂ 91ನೇ ಬ್ರಿಗೇಡ್‌ನ ಪಡೆಗಳೂ ಪಾಲ್ಗೊಂಡವು.

ಪ್ರತಿ ಬಾರಿಯೂ ಅಭ್ಯಾಸ ಎರಡು ಹಂತಗಳಲ್ಲಿ ನಡೆದಿದೆ. ಮೊದಲನೆಯದು ವಿಶಾಖಪಟ್ಟಣದ ಬಂದರು ಹಂತ. ಹಡಗುಗಳ ಪರಸ್ಪರ ಭೇಟಿ, ತಜ್ಞರ ಚರ್ಚೆ, ಕ್ರೀಡಾಕೂಟ ಮೊದಲಾದವು ಇದರಲ್ಲಿ ಸೇರಿರುತ್ತವೆ. ಮುಂದಿನ ಹಂತದ ಯಶಸ್ಸು ನಿರ್ಧಾರವಾಗುವುದು ಇಲ್ಲಿನ ಚರ್ಚಾಕೊಠಡಿಗಳಲ್ಲಿ. ಯಾವ ನಕ್ಷೆ, ಯಾವ ಗಡಿಯಾರ, ಯಾವ ತರಂಗಾಂತರ, ದೋಣಿಯ ಭಾರವನ್ನು ಯಾವ ಅಳತೆಯಲ್ಲಿ ಹೇಳಬೇಕು, ಒಬ್ಬರ ಹೆಲಿಕಾಪ್ಟರ್ ಇನ್ನೊಬ್ಬರ ಹಡಗಿನ ಮೇಲೆ ಇಳಿಯುವಾಗ ಯಾರ ಕೈಸನ್ನೆಗೆ ಮಾನ್ಯತೆ, ಇಳಿಕೆಯನ್ನು ರದ್ದುಗೊಳಿಸುವ ಅಧಿಕಾರ ಯಾರದು ಎಂಬಂತಹ ಸಣ್ಣ ಸಂಗತಿಗಳನ್ನು ಇಂತಹ ಸಿದ್ಧತೆಯಲ್ಲಿ ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕಾಗುತ್ತದೆ. ಗೋಪ್ಯ ಸಂಪರ್ಕ ಸಾಧನಗಳನ್ನು ಹಂಚಿಕೊಳ್ಳಲು ಅವಕಾಶ ನೀಡುವ ಒಪ್ಪಂದಕ್ಕೆ ಎರಡೂ ದೇಶಗಳು 2018ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿವೆ. ಇಂಧನ, ಆಹಾರ, ಬಿಡಿಭಾಗಗಳ ಪೂರೈಕೆಗೆ ಸಂಬಂಧಿಸಿದ ಒಪ್ಪಂದ 2016ರಲ್ಲಿಯೇ ಆಗಿತ್ತು.

ಎರಡನೆಯದಾದ ಸಮುದ್ರ ಹಂತದಲ್ಲಿ ಹಡಗುಗಳು ಕಾಕಿನಾಡದ ಕಡೆಗೆ ಸಾಗುತ್ತವೆ. ಯೋಧರು ಮತ್ತು ವಾಹನಗಳು ತೀರಕ್ಕಿಳಿಯುತ್ತವೆ, ಹೆಲಿಕಾಪ್ಟರ್‌ಗಳು ಒಂದು ದೇಶದ ಹಡಗಿನಿಂದ ಇನ್ನೊಂದರ ಹಡಗಿಗೆ ಹಾರುತ್ತವೆ, ದಡದಲ್ಲಿ ಜಂಟಿ ಶಿಬಿರ ಹಾಗೂ ವೈದ್ಯಕೀಯ ಕೇಂದ್ರ ತಲೆಯೆತ್ತುತ್ತವೆ. ಎರಡೂ ದೇಶಗಳ ಕಾರ್ಯಪಡೆಗಳ ನಡುವೆ ಸಂಯುಕ್ತ ಸಮನ್ವಯ ಕೇಂದ್ರವೊಂದನ್ನು ಸ್ಥಾಪಿಸುವ ಕಾರ್ಯವಿಧಾನವನ್ನು ರೂಪಿಸುವುದು 2025ರ ಅಭ್ಯಾಸದ ಘೋಷಿತ ಉದ್ದೇಶಗಳಲ್ಲಿ ಒಂದಾಗಿತ್ತು.

ವಿಪತ್ತು ಪರಿಹಾರದ ನಂಟು

ಟೈಗರ್ ಟ್ರಯಂಫ್‌ನ ಕಥಾವಸ್ತು ಯುದ್ಧವಲ್ಲ. ಮಾನವೀಯ ನೆರವು ಮತ್ತು ವಿಪತ್ತು ಪರಿಹಾರ ಅದರ ವಿಷಯ. ಇದು ಕೇವಲ ಸೌಮ್ಯವಾದ ಹೆಸರೆಂದು ಭಾವಿಸುವವರು ಇದ್ದಾರೆ. ಸೈನ್ಯ ಇಳಿಸುವ ಕೌಶಲವೂ ಇದರಲ್ಲಿ ವೃದ್ಧಿಯಾಗುತ್ತದೆ ಎಂಬುದು ನಿಜ. ಆದರೆ 2004ರ ಡಿಸೆಂಬರ್ 26ರ ಸುನಾಮಿಯನ್ನು ಕಂಡ ಕರಾವಳಿಗೆ ಇದರ ಅಗತ್ಯವನ್ನು ಒತ್ತಿ ಹೇಳಬೇಕಾಗಿಲ್ಲ. ಅಂದು ಅನೇಕ ಕಡೆ ಬಂದರು, ಜೆಟ್ಟಿ, ರಸ್ತೆ, ಸೇತುವೆಗಳು ಕೊಚ್ಚಿಹೋಗಿ, ನೆರವು ಕಡಲ ಕಡೆಯಿಂದಲೇ ಬರಬೇಕಾಯಿತು. ಭಾರತದ ನೌಕಾಪಡೆ ತನ್ನ ತೀರದ ಜೊತೆಗೆ ಶ್ರೀಲಂಕಾ, ಮಾಲ್ಡೀವ್ಸ್ ಮತ್ತು ಇಂಡೊನೇಷ್ಯಾಗಳಿಗೂ ನೆರವು ಒಯ್ದಿತು. ಭಾರತ, ಅಮೆರಿಕ, ಜಪಾನ್ ಮತ್ತು ಆಸ್ಟ್ರೇಲಿಯಾ ದೇಶಗಳು ಪರಿಹಾರ ಕಾರ್ಯವನ್ನು ಹೊಂದಿಸಲು ಕೂಡಲೇ ಒಂದು ಗುಂಪು ರಚಿಸಿಕೊಂಡವು.

ಕಾಕಿನಾಡದ ಆಯ್ಕೆಗೂ ಇದಕ್ಕೂ ಹೊಂದಿಕೆಯಿದೆ. ಗೋದಾವರಿಯ ಮುಖಜ ಭೂಮಿಯ ಅಂಚಿನಲ್ಲಿರುವ ಈ ಊರಿಗೆ ಹೋಪ್ ದ್ವೀಪವೆಂಬ ನೀಳವಾದ ಮರಳಿನ ಪಟ್ಟಿ ಅಲೆಗಳಿಂದ ಮರೆಯೊದಗಿಸುತ್ತದೆ. ಸಮೀಪದ ಕೋರಿಂಗ ಒಂದು ಕಾಲಕ್ಕೆ ಸಮೃದ್ಧ ಬಂದರಾಗಿತ್ತು. 1839ರ ನವೆಂಬರ್‌ನ ಚಂಡಮಾರುತ ಮತ್ತು ಅದು ಎಬ್ಬಿಸಿದ ಕಡಲುಬ್ಬರದಲ್ಲಿ ಅದು ನಾಶವಾಗಿ, ಮತ್ತೆ ಹಿಂದಿನಂತೆ ತಲೆಯೆತ್ತಲಿಲ್ಲ.

ಹಡಗುಗಳ ಈ ಸಾಮರ್ಥ್ಯ ಬೇರೆ ಸಂದರ್ಭಗಳಲ್ಲಿಯೂ ಬಳಕೆಗೆ ಬಂದಿರುತ್ತದೆ. ಕೋವಿಡ್ ಕಾಲದ ‘ಸಮುದ್ರ ಸೇತು’ ಕಾರ್ಯಾಚರಣೆಯಲ್ಲಿ ಜಲಾಶ್ವ ಹಡಗು 2020ರ ಮೇ 10ರಂದು ಮಾಲ್ಡೀವ್ಸ್‌ನ ಮಾಲೆಯಿಂದ 698 ಭಾರತೀಯರನ್ನು ಕೊಚ್ಚಿಗೆ ಕರೆತಂದಿತು. ಸೈನಿಕರಿಗಾಗಿ ನಿರ್ಮಿಸಿದ ಮಲಗುವ ಸ್ಥಳಗಳಲ್ಲಿ ಅಂದು ಗರ್ಭಿಣಿಯರೂ ಮಕ್ಕಳೂ ಪ್ರಯಾಣಿಸಿದರು.

ಇತರ ದೇಶಗಳಲ್ಲಿ

ಥಾಯ್ಲೆಂಡ್‌ನಲ್ಲಿ 1982ರಿಂದ ನಡೆಯುತ್ತಿರುವ ‘ಕೋಬ್ರಾ ಗೋಲ್ಡ್’, ಫಿಲಿಪ್ಪೀನ್ಸ್‌ನ ‘ಬಾಲಿಕಾತಾನ್’, ದಕ್ಷಿಣ ಕೊರಿಯಾದ ‘ಸಾಂಗ್‌ಯಾಂಗ್’, ಆಸ್ಟ್ರೇಲಿಯಾದಲ್ಲಿ 2005ರಿಂದ ಎರಡು ವರ್ಷಕ್ಕೊಮ್ಮೆ ಜರುಗುವ ‘ಟ್ಯಾಲಿಸ್‌ಮನ್ ಸೇಬರ್’ ಈ ವರ್ಗದ ಹೆಸರಾಂತ ಅಭ್ಯಾಸಗಳು. ಜಪಾನ್ ಮತ್ತು ಅಮೆರಿಕದ ‘ಐರನ್ ಫಿಸ್ಟ್’ 2006ರಿಂದ ಕ್ಯಾಲಿಫೋರ್ನಿಯಾದಲ್ಲಿ ನಡೆಯುತ್ತಿದ್ದು, 2023ರಲ್ಲಿ ಜಪಾನಿಗೆ ಸ್ಥಳಾಂತರಗೊಂಡಿತು. ದ್ವೀಪಗಳ ರಕ್ಷಣೆಗಾಗಿ ಜಪಾನ್ 2018ರಲ್ಲಿ ಪ್ರತ್ಯೇಕ ಉಭಯಚರ ಬ್ರಿಗೇಡ್ ಒಂದನ್ನು ರಚಿಸಿಕೊಂಡಿರುತ್ತದೆ.

ಅನುಭವಿ ಪಡೆಗಳಿಗೂ ಈ ಕೆಲಸದಲ್ಲಿ ಅಪಾಯ ತಪ್ಪಿದ್ದಲ್ಲ. 2020ರ ಜುಲೈ 30ರಂದು ಕ್ಯಾಲಿಫೋರ್ನಿಯಾ ತೀರದ ಬಳಿ ತರಬೇತಿಯ ವೇಳೆ ಅಮೆರಿಕದ ಒಂದು ಉಭಯಚರ ವಾಹನಕ್ಕೆ ನೀರು ನುಗ್ಗಿ ಅದು ಮುಳುಗಿತು. ಎಂಟು ಮರೀನ್ ಯೋಧರು ಹಾಗೂ ಒಬ್ಬ ನಾವಿಕ ಮೃತಪಟ್ಟರು. ಹಳೆಯದಾಗಿದ್ದ ವಾಹನದ ನಿರ್ವಹಣೆಯಲ್ಲಿನ ಲೋಪ ಮತ್ತು ಮುಳುಗುವ ವಾಹನದಿಂದ ಪಾರಾಗುವ ತರಬೇತಿಯ ಕೊರತೆ ತನಿಖೆಯಲ್ಲಿ ಕಂಡುಬಂದವು.

ಕರಾವಳಿಯ ನಿವಾಸಿಗಳಿಗೆ

ಅಭ್ಯಾಸದ ಅವಧಿಯಲ್ಲಿ ನಿಗದಿತ ಕಡಲ ಪ್ರದೇಶ ಹಾಗೂ ತೀರದ ಭಾಗಕ್ಕೆ ಸಾರ್ವಜನಿಕ ಪ್ರವೇಶವನ್ನು ನಿರ್ಬಂಧಿಸಲಾಗಬಹುದು. ಹಡಗುಗಳಿಗೆ ಸಂಬಂಧಿಸಿದ ಸಂಚಾರ ಎಚ್ಚರಿಕೆಗಳನ್ನು ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿ ಪ್ರಕಟಿಸುತ್ತದೆ. ಮೀನುಗಾರರು ಹೊರಡುವ ಮುನ್ನ ಮೀನುಗಾರಿಕೆ ಇಲಾಖೆ ಅಥವಾ ಸಮೀಪದ ಕರಾವಳಿ ಪೊಲೀಸ್ ಠಾಣೆಯಲ್ಲಿ ವಿಚಾರಿಸಿಕೊಳ್ಳುವುದು ಸೂಕ್ತ. ಇಳಿಕೆ ದೋಣಿಗಳು ಸಾಗುವ ದಾರಿಯಲ್ಲಿ ಬಲೆ ಬಿಡುವುದರಿಂದ ಬಲೆಗೂ ದೋಣಿಗೂ ಹಾನಿಯಾಗುತ್ತದೆ. ಅಭ್ಯಾಸ ಮುಗಿದ ಬಳಿಕ ತೀರದಲ್ಲಿ ಅಪರಿಚಿತ ಲೋಹದ ವಸ್ತು, ಹೊಗೆಡಬ್ಬಿ ಅಥವಾ ಸಂಕೇತ ಬಾಣಗಳ ಅವಶೇಷ ಕಂಡುಬಂದಲ್ಲಿ ಅವುಗಳನ್ನು ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ಕೂಡಲೇ ಪೊಲೀಸರಿಗೆ ತಿಳಿಸತಕ್ಕದ್ದು.